ತಂತ್ರ ಪ್ರಶ್ನೋತ್ತರ: ಸೈಟ್ ಬಂತು, ಇಮೇಲ್ ನಿಂತಿತು

ಪ್ರಶ್ನೆ: ನಮ್ಮ ಕನ್ನಡ ಸಂಘದ ಡಾಟ್ ಕಾಮ್ ಡೊಮೇನ್‌ಗೆ ಇಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿದೆ. ಮೊನ್ನೆ ಬೇರೆ ಕಡೆ ಹೋಸ್ಟಿಂಗ್ ತಗೊಂಡು, ಅವರು ಹೇಳಿದಂತೆ ನೇಮ್‌ಸರ್ವರ್ (ಡೊಮೇನಿನ ರೆಕಾರ್ಡ್‌ಗಳನ್ನು ಇಟ್ಟುಕೊಂಡು ಕೇಳಿದವರಿಗೆ ಹೇಳುವ ಸರ್ವರ್) ಬದಲಿಸಿದೆವು. ಸೈಟ್ ತೆರೆಯುತ್ತಿದೆ, ಇಮೇಲ್ ಮಾತ್ರ ಬರುತ್ತಿಲ್ಲ. ಡೊಮೇನ್ ಕೊಂಡಲ್ಲಿ ಎಂಎಕ್ಸ್ ರೆಕಾರ್ಡ್ (ಇಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವುದು) ಇದ್ದ ಹಾಗೇ ಇದೆ. ಏನು ಮಾಡಬೇಕು?
— ಸಂಘದ ಕಾರ್ಯದರ್ಶಿ, ಡೊಂಬಿವಲಿ

ಉತ್ತರ: ಆ ಎಂಎಕ್ಸ್ ರೆಕಾರ್ಡನ್ನು ಈಗ ಯಾರೂ ಓದುತ್ತಿಲ್ಲ. ನೇಮ್‌ಸರ್ವರ್ ಯಾರದೋ, ರೆಕಾರ್ಡ್ ಅವರಲ್ಲಿ ಇದ್ದರಷ್ಟೇ ಲೆಕ್ಕ. ನೇಮ್‌ಸರ್ವರ್ ಹೋಸ್ಟಿಂಗ್‌ನವರಿಗೆ ಹೋದ ಮೇಲೆ ಡೊಮೇನ್ ಕೊಂಡಲ್ಲಿನ ಹಳೆ ಪ್ಯಾನೆಲ್‌ನಲ್ಲಿ ಏನು ತಿದ್ದಿದರೂ ಫಲವಿಲ್ಲ. ಹೊಸದಾಗಿ ಕಲಿಯುವವರು ಅತಿ ಹೆಚ್ಚು ಎಡವುವುದು ಇಲ್ಲೇ.

ಹೋಸ್ಟಿಂಗ್‌ನ ನಿಯಂತ್ರಣ ಪುಟವಾದ ಸಿಪ್ಯಾನೆಲ್ ತೆರೆದು ‘ಝೋನ್ ಎಡಿಟರ್’ಗೆ ಹೋಗಿ. ಹಳೆ ಪ್ಯಾನೆಲ್‌ನ ಎಂಎಕ್ಸ್ ಮತ್ತು ಟಿಎಕ್ಸ್‌ಟಿ (ಪಠ್ಯರೂಪದ) ರೆಕಾರ್ಡ್‌ಗಳನ್ನೆಲ್ಲ ಅಕ್ಷರ ತಪ್ಪದಂತೆ ಇಲ್ಲಿಗೆ ನಕಲು ಮಾಡಿ. ಹೋಸ್ಟಿಂಗ್‌ನವರು ತಾವಾಗಿ ಹಾಕಿರುವ, ನಿಮ್ಮದೇ ಡೊಮೇನ್ ಹೆಸರಿರುವ ಎಂಎಕ್ಸ್ ಅಳಿಸಿ. ಆಮೇಲೆ ‘ಇಮೇಲ್ ರೌಟಿಂಗ್’ನಲ್ಲಿ ‘ರಿಮೋಟ್ ಮೇಲ್ ಎಕ್ಸ್‌ಚೇಂಜರ್’ ಆರಿಸಿ. ಇದನ್ನು ಬಿಟ್ಟರೆ ಹೊರಗಿನ ಮೇಲ್ ಬರುತ್ತದೆ, ಆದರೆ ಸೈಟಿನ ಸಂಪರ್ಕ ಫಾರ್ಮ್ ತುಂಬಿದವರ ಮೇಲ್ ಬರುವುದಿಲ್ಲ. ಅಂಚೆಪೆಟ್ಟಿಗೆ ತನ್ನಲ್ಲೇ ಇದೆ ಎಂದುಕೊಂಡು ಸರ್ವರ್ ಅದನ್ನು ಗೂಗಲ್‌ಗೆ ಕಳಿಸುವುದೇ ಇಲ್ಲ.

ಡಾಟ್ ಕಾಮ್ ನೇಮ್‌ಸರ್ವರ್ ಮಾಹಿತಿಯ ಟಿಟಿಎಲ್ (ಒಮ್ಮೆ ಪಡೆದ ಮಾಹಿತಿಯನ್ನು ಮತ್ತೆ ಕೇಳದೆ ಇಟ್ಟುಕೊಳ್ಳಬಹುದಾದ ಅವಧಿ) 1,72,800 ಸೆಕೆಂಡ್, ಅಂದರೆ 48 ಗಂಟೆ. ಅಷ್ಟು ಹೊತ್ತು ಕೆಲವರು ಹಳೆ ನೇಮ್‌ಸರ್ವರನ್ನೇ ಕೇಳುತ್ತಿರುತ್ತಾರೆ, ಹಾಗಾಗಿ ಅಲ್ಲಿನ ರೆಕಾರ್ಡ್‌ಗಳನ್ನು ಈಗಲೇ ಅಳಿಸಬೇಡಿ. ಈ ನಡುವೆ ಹೋಸ್ಟಿಂಗ್ ಸರ್ವರ್‌ಗೆ ಹೋದ ಮೇಲ್‌ಗಳು ‘ಇಂಥ ಬಳಕೆದಾರರಿಲ್ಲ’ ಎಂದು ಸಾಮಾನ್ಯವಾಗಿ ವಾಪಸಾಗಿರುತ್ತವೆ. ಅವು ತಾವಾಗಿ ಮತ್ತೆ ಬರುವುದಿಲ್ಲ; ಮುಖ್ಯವಾದವನ್ನು ಮತ್ತೆ ಕಳಿಸುವಂತೆ ಸದಸ್ಯರಿಗೆ ಹೇಳಿ.

ಹೊಸದಾಗಿ ಹೋಸ್ಟಿಂಗ್ ತಗೊಳ್ಳುವವರು, ಇಮೇಲ್ ಬೇರೆ ಕಡೆ ಇದ್ದರೆ, ನೇಮ್‌ಸರ್ವರ್ ಮುಟ್ಟಲೇಬೇಡಿ. ಹೋಸ್ಟಿಂಗ್‌ನವರಿಂದ ಐಪಿ ವಿಳಾಸ ಕೇಳಿ ಪಡೆದು ‘ಎ’ ರೆಕಾರ್ಡ್ (ಡೊಮೇನ್ ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವುದು) ಬದಲಿಸಿದರೆ ಸೈಟ್‌ಗೆ ಅಷ್ಟು ಸಾಕು. ಹಿಂದಿನ ದಿನವೇ ಅದರ ಟಿಟಿಎಲ್ 300 ಸೆಕೆಂಡಿಗೆ ಇಳಿಸಿಟ್ಟರೆ, ಎಡವಟ್ಟಾದರೂ ಐದಾರು ನಿಮಿಷದಲ್ಲಿ ಹಿಂದಕ್ಕೆ ತರಬಹುದು.

ಪ್ರಶ್ನೆ: ಪುಣೆಯಲ್ಲಿ ಕೇಟರಿಂಗ್ ನಡೆಸುತ್ತೇವೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನವರು ಹೇಳಿದ ಎಸ್‌ಪಿಎಫ್ ರೆಕಾರ್ಡ್ (ನಮ್ಮ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಲು ಯಾರಿಗೆ ಅನುಮತಿ ಇದೆ ಎನ್ನುವ ಪಟ್ಟಿ) ಸೇರಿಸಿದ ಮೇಲೆ, ನಾವು ಕಳಿಸುವ ಎಲ್ಲ ಮೇಲೂ ಗಿರಾಕಿಗಳ ಸ್ಪ್ಯಾಮ್‌ಗೆ ಹೋಗುತ್ತಿದೆ. ಏಕೆ?
— ಓದುಗರು, ಕೋಥ್ರೂಡ್

ಉತ್ತರ: ಒಂದು ಡೊಮೇನ್‌ಗೆ ಎಸ್‌ಪಿಎಫ್ ಒಂದೇ ಇರಬೇಕು. ಎರಡಾದರೆ ಎರಡೂ ಕೆಲಸ ಮಾಡುವುದಿಲ್ಲ. ನಿಮ್ಮಲ್ಲಿ ಮೊದಲಿನದು ಇದ್ದಂತೆಯೇ ಎರಡನೆಯದು ಸೇರಿರಬೇಕು. ಹೊಸದರಲ್ಲಿರುವ ‘ಇನ್‌ಕ್ಲೂಡ್’ ಭಾಗವನ್ನಷ್ಟೇ ತೆಗೆದು ಹಳೆಯದರ ಕೊನೆಯ ‘ಆಲ್’ಗೆ ಮುಂಚೆ ಸೇರಿಸಿ, ಹೊಸದನ್ನು ಅಳಿಸಿ. ‘ಆಲ್’ ಆದ ಮೇಲೆ ಬರೆದದ್ದನ್ನು ಯಾರೂ ನೋಡುವುದಿಲ್ಲ. ಎಸ್‌ಪಿಎಫ್ ಪರಿಶೀಲಿಸುವಾಗ ಆಗುವ ಒಟ್ಟು ಡಿಎನ್‌ಎಸ್ (ಡೊಮೇನ್ ರೆಕಾರ್ಡ್‌ಗಳ) ಹುಡುಕಾಟ 10 ಮೀರಬಾರದು, ಒಳಗಿನ ಇನ್‌ಕ್ಲೂಡ್‌ಗಳೂ ಅದರಲ್ಲೇ ಎಣಿಕೆಯಾಗುತ್ತವೆ. ಬಿಟ್ಟುಬಿಟ್ಟ ಸೇವೆಗಳ ಹೆಸರು ಉಳಿದಿದ್ದರೆ ಕಿತ್ತುಹಾಕಿ.

ಡಿಕಿಮ್ ಕೀ (ಮೇಲ್‌ನ ಡಿಜಿಟಲ್ ಸಹಿಯನ್ನು ಪರಿಶೀಲಿಸಲು ಬೇಕಾದ ರೆಕಾರ್ಡ್) ಕೂಡ ಹಾಕಿ. ಅದರ ಹೆಸರು ತುಂಬುವಾಗ ಹೆಚ್ಚಿನ ಪ್ಯಾನೆಲ್‌ಗಳು ಡೊಮೇನನ್ನು ತಾವೇ ಕೊನೆಗೆ ಸೇರಿಸುತ್ತವೆ. ನೀವೂ ಬರೆದರೆ ಡೊಮೇನ್ ಎರಡು ಸಲ ಬಂದು ಕೀ ಸಿಗುವುದಿಲ್ಲ. ಫೆಬ್ರವರಿ 2024ರಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ: ಎಸ್‌ಪಿಎಫ್, ಡಿಕಿಮ್ ಇವೆರಡರಲ್ಲಿ ಒಂದಾದರೂ ಎಲ್ಲರಿಗೂ ಬೇಕೇ ಬೇಕು. ಪರೀಕ್ಷಿಸಲು ನಿಮ್ಮ ಸ್ವಂತ ಜಿಮೇಲ್‌ಗೆ ಒಂದು ಬಿಲ್ ಕಳಿಸಿ, ಕಂಪ್ಯೂಟರ್‌ನಲ್ಲಿ ತೆರೆದು, ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ ನೋಡಿ. ಎರಡರ ಎದುರೂ ‘ಪಾಸ್’ ಕಾಣಬೇಕು. ಸ್ಪ್ಯಾಮ್‌ಗೆ ಬಿದ್ದದ್ದು ಮರುದಿನವೇ ಪೂರ್ತಿ ಸರಿಹೋಗದು, ಕೆಲವು ದಿನ ಹಿಡಿಯಬಹುದು.

ಪ್ರಶ್ನೆ: ಮಡಗಾಂವ್‌ನಲ್ಲಿ ನಮ್ಮ ಊಟದ ಹೋಟೆಲಿನ ಡೊಮೇನನ್ನು ಸೈಟ್ ಮಾಡಿಕೊಟ್ಟವರೇ ಕೊಂಡಿದ್ದಾರೆ. ಹಾಗೇ ಇರಲಿ ಅಂತಾರೆ. ಇರಬಹುದೇ?
— ಓದುಗರು, ಗೋವಾ

ಉತ್ತರ: ಬೇಡ. ದುಡ್ಡು ಯಾರು ಕಟ್ಟಿದರೂ ನೋಂದಣಿಯಲ್ಲಿ ಹೆಸರಿರುವವರೇ ಡೊಮೇನಿನ ಹಕ್ಕುದಾರರು. ನಿಮ್ಮ ಹೆಸರಲ್ಲಿ ಖಾತೆ ತೆರೆದು, ಅವರಿಂದ ‘ಆಥ್ ಕೋಡ್’ (ವರ್ಗಾವಣೆಗೆ ಒಪ್ಪಿಗೆಯ ಗುಪ್ತ ಸಂಕೇತ) ಪಡೆದು ವರ್ಗಾಯಿಸಿಕೊಳ್ಳಿ. ಡಾಟ್ ಕಾಮ್ ಆಗಿದ್ದು, ಕೊಂಡು 60 ದಿನ ಆಗಿಲ್ಲದಿದ್ದರೆ ಬೇರೆ ಕಂಪನಿಗೆ ಒಯ್ಯಲಾಗದು; ಅವರಿರುವ ಕಂಪನಿಯಲ್ಲೇ ಖಾತೆ ತೆರೆದರೆ ಒಳಗೊಳಗೇ ಬದಲಿಸಿಕೊಡುತ್ತಾರೆ. ಆ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನಿನದಾಗಿರಬಾರದು. ನವೀಕರಣ ತಪ್ಪಿ ಡೊಮೇನ್ ನಿಂತ ದಿನ ಅದರ ಇಮೇಲ್ ಕೂಡ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಕೊಂಡಿ ಕೈಗೆ ಸಿಗುವುದಿಲ್ಲ.