ಸಹಾಯಾರ್ಥ ಆಟ ಮತ್ತು ಅದರ ಲೆಕ್ಕ

ಕುಂದಾಪುರ ಕಡೆಯ ಓದುಗರೊಬ್ಬರು ನೊಂದು ಬರೆದಿದ್ದಾರೆ. ಅವರ ಊರಿನ ಯುವಕ ಮಂಡಲವು ಮೂತ್ರಪಿಂಡದ ಕಾಯಿಲೆಯ ಹುಡುಗನೊಬ್ಬನ ಚಿಕಿತ್ಸೆಗೆಂದು ಯಕ್ಷಗಾನ ಆಡಿಸಿತು. ಮೇಳದ ವೀಳ್ಯ (ಆಟಕ್ಕೆ ಕೊಡುವ ಸಂಭಾವನೆ), ಚಪ್ಪರ, ಧ್ವನಿವರ್ಧಕ, ಊಟ ಎಲ್ಲ ಕಳೆದ ಮೇಲೆ ಉಳಿದದ್ದು ಸಂಗ್ರಹದ ಅರ್ಧಕ್ಕೂ ಕಡಿಮೆ. ಇದನ್ನು ಸಹಾಯಾರ್ಥ ಎನ್ನಬಹುದೇ, ದುಡ್ಡು ಕೊಟ್ಟವರಿಗೆ ಮೋಸವಾಗಲಿಲ್ಲವೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಖಂಡಿತ ಎನ್ನಬಹುದು. ಖರ್ಚಾದದ್ದು ತಪ್ಪಲ್ಲ. ಭಾಗವತರಿಗೂ ಮದ್ದಳೆಗಾರರಿಗೂ ವೇಷಧಾರಿಗಳಿಗೂ ಆರು ತಿಂಗಳ ತಿರುಗಾಟದಲ್ಲೇ ವರ್ಷದ ಸಂಸಾರ ಸಾಗಬೇಕು. ಪುಣ್ಯದ ಕೆಲಸವೆಂಬ ಹೆಸರಿನಲ್ಲಿ ಅವರ ರಾತ್ರಿಯ ದುಡಿಮೆಯನ್ನು ಬಿಟ್ಟಿ ಕೇಳುವುದು ನನಗೆ ಸರಿಕಾಣುವುದಿಲ್ಲ. ವೃತ್ತಿ ನಾಟಕ ಕಂಪನಿಗಳು ಶಾಲೆಯ ಕಟ್ಟಡಕ್ಕೋ ದೇವಸ್ಥಾನಕ್ಕೋ ಒಂದು ದಿನದ ಕಲೆಕ್ಷನ್ ಬಿಟ್ಟುಕೊಡುತ್ತಿದ್ದವು, ನಿಜ. ಅದು ಕಂಪನಿಯವರೇ ಮನಸ್ಸು ಮಾಡಿ ಕೊಟ್ಟದ್ದು.

ಆದರೆ ನಿಮ್ಮ ಪತ್ರದ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ಮಂಡಲದವರು ಟಿಕೆಟ್ ಮಾರಿದ್ದಲ್ಲದೆ ರಸೀದಿ ಪುಸ್ತಕ ಹಿಡಿದು ಮನೆಮನೆಗೂ ಹೋಗಿದ್ದರು, ಎರಡೂ ಹಣ ಒಂದೇ ಪೆಟ್ಟಿಗೆಗೆ ಬಿತ್ತು ಎಂದಿದ್ದೀರಿ. ಎಡವಿದ್ದು ಇಲ್ಲೇ. ಟಿಕೆಟ್ ಕೊಂಡವರು ಆಟ ನೋಡಿದರು; ಅವರ ಹಣದಿಂದ ವೀಳ್ಯ, ಚಪ್ಪರದ ಬಾಡಿಗೆ ಹೋದರೆ ನ್ಯಾಯವೇ. ಆಟಕ್ಕೆ ಬಾರದೆ, ಹುಡುಗನ ಹೆಸರು ಕೇಳಿ ಅಂಗಳದಲ್ಲೇ ನೂರು ರೂಪಾಯಿ ವಂತಿಗೆ ಕೊಟ್ಟ ಅಜ್ಜಿಯ ಹಣ ಧ್ವನಿವರ್ಧಕದವರಿಗೆ ಸಲ್ಲಬಾರದಿತ್ತು. ಅದು ಪೂರ್ತಿ ಆಸ್ಪತ್ರೆಗೆ ಸೇರಬೇಕಾದದ್ದು. ಎರಡಕ್ಕೂ ಬೇರೆ ಬೇರೆ ಲೆಕ್ಕ ಇಟ್ಟಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ.

ಸದುದ್ದೇಶವಿದ್ದೂ ಲೆಕ್ಕದ ಸಿದ್ಧತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, 1970ರ ನವೆಂಬರಿನ ಚಂಡಮಾರುತ, ಮರುವರ್ಷದ ಯುದ್ಧ, ಭಾರತಕ್ಕೆ ಹರಿದುಬಂದ ನಿರಾಶ್ರಿತರು. ಇದನ್ನು ಕಂಡು ಸಂಕಟಪಟ್ಟ ಪಂಡಿತ್ ರವಿಶಂಕರ್ ಬೀಟಲ್ಸ್ ಸಂಗೀತ ತಂಡದಲ್ಲಿದ್ದ ಗೆಳೆಯ ಜಾರ್ಜ್ ಹ್ಯಾರಿಸನ್ ಅವರ ನೆರವು ಕೇಳಿದರು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಧ್ಯಾಹ್ನ ಒಂದು, ರಾತ್ರಿ ಒಂದು ಕಾರ್ಯಕ್ರಮ ನಡೆಯಿತು. ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾ ಅವರ ತಬಲಾ ಜೊತೆಗಿದ್ದವು. ವಾದ್ಯಗಳನ್ನು ಶ್ರುತಿ ಮಾಡಿಕೊಂಡದ್ದಕ್ಕೇ ಸಭೆ ಚಪ್ಪಾಳೆ ತಟ್ಟಿತಂತೆ. ಟಿಕೆಟಿನಿಂದ ಬಂದ ಸುಮಾರು 2,43,000 ಡಾಲರ್ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ಗೆ ಬೇಗನೆ ಸೇರಿತು. ಆದರೆ ಧ್ವನಿಮುದ್ರಿಕೆ ಮತ್ತು ಚಲನಚಿತ್ರದಿಂದ ಬಂದ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಹಣದ ದೊಡ್ಡ ಭಾಗ ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದಿತು. ಕಾರ್ಯಕ್ರಮಕ್ಕೆ ಮೊದಲೇ ತೆರಿಗೆ ವಿನಾಯಿತಿಗೆ ಅರ್ಜಿ ಹಾಕಿರಲಿಲ್ಲ. ಹಸಿದ ಮಕ್ಕಳಿಗೆಂದು ಹಾಡಿ ಗಳಿಸಿದ ಹಣ, ಆ ಮಕ್ಕಳು ಬೆಳೆದು ದೊಡ್ಡವರಾಗುವ ಹೊತ್ತಿಗೆ ಬಿಡುಗಡೆಯಾಯಿತು. ಯಾರೂ ಕದ್ದಿರಲಿಲ್ಲ ಎಂಬುದೇ ಇಲ್ಲಿ ಹೆಚ್ಚು ನೋಯಿಸುವ ಸಂಗತಿ.

ತೆರಿಗೆಯ ಬಗ್ಗೆಯೂ ಕೇಳಿದ್ದೀರಿ. ರೋಗಿಗೆ ಅಥವಾ ಅವರ ಮನೆಯವರಿಗೆ ನೇರವಾಗಿ ಕೊಟ್ಟ ಹಣಕ್ಕೆ, ಜನ 80ಜಿ ಎಂದು ಕರೆಯುವ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅದು ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಮಾತ್ರ. ಅಲ್ಲಿಯೂ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಇಲ್ಲ. ವಿನಾಯಿತಿ ಸಿಗುತ್ತದೆಂದು ಮಂಡಲದವರು ಯಾರಿಗಾದರೂ ಬಾಯಿಮಾತಿನಲ್ಲಿ ಹೇಳಿದ್ದರೆ ಈಗಲೇ ಹೋಗಿ ತಿದ್ದಿ ಹೇಳಲಿ.

ಇನ್ನು ಮಾಡಬೇಕಾದದ್ದು. ರಸೀದಿಗಳ ಅಡಿಪ್ರತಿ ಕೂಡಿಸಿ ವಂತಿಗೆಯ ಮೊತ್ತವನ್ನು ಬೇರ್ಪಡಿಸಿ. ಅದರಲ್ಲಿ ಎಷ್ಟು ಆಟದ ಖರ್ಚಿಗೆ ಹೋಗಿದೆಯೋ ಅಷ್ಟನ್ನು ಮಂಡಲದ ಸ್ವಂತ ನಿಧಿಯಿಂದ ಅಥವಾ ಒಬ್ಬಿಬ್ಬರು ವ್ಯಾಪಾರಿಗಳನ್ನು ಒಪ್ಪಿಸಿ ತುಂಬಿಕೊಡಿ. ಹಣವನ್ನು ಆಸ್ಪತ್ರೆಯ ಖಾತೆಗೇ ಕಟ್ಟಿ, ಆಸ್ಪತ್ರೆ ಕೊಟ್ಟ ರಸೀದಿಯನ್ನೂ ಖರ್ಚಿನ ಪಟ್ಟಿಯನ್ನೂ ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಹುಡುಗನ ಭಾವಚಿತ್ರವಿರುವ ಬ್ಯಾನರನ್ನು ಮಾತ್ರ ಇಂದೇ ಇಳಿಸಿ. ಅವನು ನಾಳೆ ಅದೇ ರಸ್ತೆಯಲ್ಲಿ ಕಾಲೇಜಿಗೆ ಹೋಗಬೇಕಾದವನು.