ಪಾಲಿಟೆಕ್ನಿಕ್‌ನ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಅರ್ಥಪೂರ್ಣವಾಗಿ ಸನ್ಮಾನಿಸಿ ಬೀಳ್ಕೊಡುವುದು ಹೇಗೆ?

ಸರ್ಕಾರಿ ಪಾಲಿಟೆಕ್ನಿಕ್ ಒಂದರಲ್ಲಿ ಉಪನ್ಯಾಸಕಿಯಾಗಿ ಸೇರಿ ನಿಮಗೆ ಇನ್ನೂ ಒಂದು ವರ್ಷ ತುಂಬಿಲ್ಲವೆಂದೂ, ಅಂತಿಮ ವರ್ಷದವರ ಬೀಳ್ಕೊಡುಗೆ ಸಮಾರಂಭದ ಹೊಣೆಯನ್ನು ಪ್ರಾಂಶುಪಾಲರು ನಿಮಗೆ ವಹಿಸಿದ್ದಾರೆಂದೂ, ಪ್ರತಿ ವಿಭಾಗದ ಮೊದಲ ಮೂವರಿಗೆ ಶಾಲು ಹೊದಿಸಿ ಊಟ ಹಾಕಿ ಕಳುಹಿಸುವುದಕ್ಕಿಂತ ಹೆಚ್ಚಿನದೇನನ್ನಾದರೂ ಮಾಡಬಹುದೇ ಎಂದೂ ಕೇಳಿದ್ದೀರಿ. ಮೂರು ಊರುಗಳ ಪಾಲಿಟೆಕ್ನಿಕ್‌ಗಳಲ್ಲಿ ಇಪ್ಪತ್ತೆಂಟು ವರ್ಷ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡಿ ನಿವೃತ್ತನಾದ ನಾನು ಇಂತಹ ಸಮಾರಂಭಗಳನ್ನು ಹಲವು ಬಾರಿ ನಡೆಸಿದ್ದೇನೆ. ಅವುಗಳಲ್ಲಿ ಕೆಲವನ್ನು ತಪ್ಪಾಗಿ ನಡೆಸಿ, ಆಮೇಲೆ ತಿದ್ದಿಕೊಂಡಿದ್ದೇನೆ. ಈ ಮಕ್ಕಳು ಮೂರು ವರ್ಷದಲ್ಲಿ ಕೈಯಾರೆ ಮಾಡಿದ ಕೆಲಸವನ್ನು ಅವರ ಮನೆಯವರು ಕಣ್ಣಾರೆ ನೋಡುವಂತೆ ಮಾಡಿದರೆ ಅದಕ್ಕಿಂತ ದೊಡ್ಡ ಸನ್ಮಾನ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಉಳಿದುದನ್ನೆಲ್ಲ ಅದರ ಸುತ್ತ ಜೋಡಿಸಿಕೊಳ್ಳಬಹುದು.

ಪದವಿ ಪಡೆದವರಿಗೆ ವಿಶ್ವವಿದ್ಯಾಲಯದ ಘಟಿಕೋತ್ಸವ ಇರುತ್ತದೆ. ನಾನು ಕೆಲಸ ಮಾಡಿದ ಕಾಲೇಜುಗಳಲ್ಲಿ ಡಿಪ್ಲೊಮಾ ಮುಗಿಸಿದವರು ತಮ್ಮ ಪ್ರಮಾಣಪತ್ರವನ್ನು ಕಚೇರಿಯ ಕಿಟಕಿಯ ಮುಂದೆ ನಿಂತು, ವಹಿಯಲ್ಲಿ ಸಹಿ ಹಾಕಿ ಪಡೆದುಕೊಂಡು ಹೋಗುತ್ತಿದ್ದರು. ಅದನ್ನು ಕೊಡುವ ಗುಮಾಸ್ತರ ಹೊರತು ಇನ್ನಾರೂ ಅವರನ್ನು ಅಭಿನಂದಿಸುತ್ತಿರಲಿಲ್ಲ. ಹದಿನಾರರ ಹರೆಯದಲ್ಲಿ, ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ಬಂದು ಸೇರಿದ ಮಗು ಆರು ಸೆಮಿಸ್ಟರ್‌ಗಳನ್ನು ದಾಟಿ ಹೊರಡುವ ದಿನ ಹೀಗೆ ಕಳೆದುಹೋಗಬಾರದು. ಅದರಲ್ಲೂ ‘ಪಿಯುಸಿಗೆ ಯಾಕೆ ಸೇರಲಿಲ್ಲ?’ ಎಂಬ ಪ್ರಶ್ನೆಯನ್ನು ನೆಂಟರಿಷ್ಟರಿಂದ ಮೂರು ವರ್ಷವೂ ಕೇಳಿಸಿಕೊಂಡು ಬಂದ ಮಕ್ಕಳಿಗೆ ಈ ಒಂದು ದಿನದ ಮಾನ್ಯತೆ ಬಹಳ ದೊಡ್ಡದು.

ಇಲ್ಲಿ ಸಾಧನೆ ಎಂದರೆ ಏನು ಎಂಬುದನ್ನು ಮೊದಲು ನಿಮ್ಮ ಸಹೋದ್ಯೋಗಿಗಳ ಜೊತೆ ಕುಳಿತು ನಿರ್ಧರಿಸಿಕೊಳ್ಳಿ. ಹೆಚ್ಚು ಅಂಕ ಪಡೆದವರನ್ನು ಖಂಡಿತವಾಗಿ ಗೌರವಿಸಬೇಕು. ಅವರ ಶ್ರಮವೇನೂ ಕಡಿಮೆಯದಲ್ಲ. ಆದರೆ ಕನ್ನಡ ಮಾಧ್ಯಮದಿಂದ ಬಂದ ಹುಡುಗನೊಬ್ಬ ಮೊದಲ ಸೆಮಿಸ್ಟರ್‌ನ ಗಣಿತದ ತರಗತಿಯಲ್ಲಿ ಎರಡು ವಾರ ಮಂಕಾಗಿ ಕುಳಿತಿದ್ದುದನ್ನು ನಾನು ಮರೆತಿಲ್ಲ. ಹತ್ತನೆಯ ತರಗತಿಯಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆಯುವುದನ್ನು ಅಚ್ಚುಕಟ್ಟಾಗಿ ಕಲಿತಿದ್ದ ಆ ಹುಡುಗನಿಗೆ, ಕಪ್ಪು ಹಲಗೆಯ ಮೇಲಿದ್ದ ‘ಟ್ಯಾಂಜೆಂಟ್’ ಎಂಬುದು ತಾನು ಬಲ್ಲ ಅದೇ ಸ್ಪರ್ಶಕ ಎಂದು ಯಾರೂ ಹೇಳಿರಲಿಲ್ಲ. ಬಲವನ್ನು ಫೋರ್ಸ್ ಎಂದೂ ಸಾಂದ್ರತೆಯನ್ನು ಡೆನ್ಸಿಟಿ ಎಂದೂ ಗುರುತಿಸಿಕೊಳ್ಳುತ್ತ, ಒಂದು ನೋಟ್‌ಪುಸ್ತಕದ ಕೊನೆಯ ಪುಟಗಳಲ್ಲಿ ಎರಡು ಭಾಷೆಯ ಪದಗಳನ್ನು ಎದುರುಬದುರಾಗಿ ಬರೆದುಕೊಳ್ಳುತ್ತ ಆತ ದಾರಿ ಕಂಡುಕೊಂಡ. ತೇರ್ಗಡೆಯಾಗದೆ ಉಳಿಸಿಕೊಂಡಿದ್ದ ವಿಷಯಗಳನ್ನೆಲ್ಲ ಐದನೆಯ ಸೆಮಿಸ್ಟರ್ ಹೊತ್ತಿಗೆ ತೀರಿಸಿ, ಕೊನೆಗೆ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ. ರ್‍ಯಾಂಕ್ ಪಟ್ಟಿಯಲ್ಲಿ ಅವನ ಹೆಸರು ಎಲ್ಲಿಯೂ ಇರಲಿಲ್ಲ. ಆ ನೋಟ್‌ಪುಸ್ತಕವನ್ನು ಮಾತ್ರ ನಮ್ಮ ವಿಭಾಗದಲ್ಲಿ ಅವನ ನಂತರದ ಎರಡು ತಂಡಗಳವರು ನಕಲು ಮಾಡಿಕೊಂಡು ಓದಿದರು. ಇದನ್ನು ಸಾಧನೆ ಎನ್ನದಿದ್ದರೆ ಮತ್ತಾವುದನ್ನು ಎನ್ನೋಣ?

ಇನ್ನು ಕೈಕೆಲಸದ ಮಾತು. ನಮ್ಮ ವರ್ಕ್‌ಶಾಪಿನಲ್ಲಿ ಫಿಟ್ಟಿಂಗ್ ಕಲಿಯುವ ವಿದ್ಯಾರ್ಥಿಗೆ ಎರಡು ಕಬ್ಬಿಣದ ಪಟ್ಟಿಗಳನ್ನು ಕೊಡುತ್ತಾರೆ. ಒಂದರಲ್ಲಿ ‘ವಿ’ ಆಕಾರದ ಕಚ್ಚು, ಇನ್ನೊಂದರಲ್ಲಿ ಆ ಕಚ್ಚಿನೊಳಗೆ ಕೂರುವ ಮೂತಿ. ಹ್ಯಾಕ್ಸಾದಿಂದ ಕೊಯ್ದು, ಬೆಂಚ್ ವೈಸಿಗೆ ಬಿಗಿದು, ಅರದಿಂದ ಉಜ್ಜಿ ಉಜ್ಜಿ, ನಡುನಡುವೆ ಮೂಲೆ ನೇರವಾಗಿದೆಯೇ ಎಂದು ಟ್ರೈಸ್ಕ್ವೇರ್ ಇಟ್ಟು ನೋಡಿ, ಮತ್ತೆ ಉಜ್ಜಬೇಕು. ಕೆಲಸ ಮುಗಿಯಿತು ಎಂದು ಅನ್ನಿಸಿದಾಗ ಎರಡನ್ನೂ ಜೋಡಿಸಿ ಬೆಳಕಿನ ಎದುರು ಹಿಡಿಯುತ್ತಾರೆ. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ತೂರಿಬಂದರೂ ಇನ್ಸ್‌ಟ್ರಕ್ಟರ್ ಏನೂ ಹೇಳದೆ ಹಿಂದಿರುಗಿಸುತ್ತಾರೆ. ಬೆಳಕು ಕಾಣದ ಜಾಬ್ (ವರ್ಕ್‌ಶಾಪಿನಲ್ಲಿ ಮಾಡಿದ ವಸ್ತುವಿಗೆ ನಾವು ಹೇಳುವ ಹೆಸರು) ಮಾಡಿದ ದಿನ ಅಂಗೈಯ ಬೊಬ್ಬೆಗಳನ್ನು ಆ ಹುಡುಗ ಅಥವಾ ಹುಡುಗಿ ಹೆಮ್ಮೆಯಿಂದ ಗೆಳೆಯರಿಗೆ ತೋರಿಸುವುದನ್ನು ನೀವೂ ಕಂಡಿರಬಹುದು. ಇಂತಹ ಜಾಬ್‌ಗಳು ಪರೀಕ್ಷೆ ಮುಗಿದ ಮೇಲೆ ಗುಜರಿಯ ರಾಶಿಗೆ ಸೇರುತ್ತವೆ. ನೀವು ಈಗಿನಿಂದಲೇ ಅವುಗಳನ್ನು ಹೆಸರು ಬರೆದು ತೆಗೆದಿರಿಸಿ. ಸಮಾರಂಭದ ದಿನ ಒಂದು ಉದ್ದನೆಯ ಮೇಜಿನ ಮೇಲೆ ಅವುಗಳನ್ನಿಟ್ಟು, ಪಕ್ಕದಲ್ಲಿ ಒಂದು ದೀಪ ಇಡಿ. ಬಂದವರು ತಾವೇ ಎತ್ತಿ ಬೆಳಕಿಗೆ ಹಿಡಿದು ನೋಡಲಿ.

ಹತ್ತು ವರ್ಷದ ಹಿಂದೆ ನಾವು ಮೊದಲ ಬಾರಿಗೆ ವರ್ಕ್‌ಶಾಪಿನ ಬಾಗಿಲನ್ನು ತಂದೆತಾಯಿಗಳಿಗೆ ತೆರೆದೆವು. ಒಬ್ಬ ಹುಡುಗ ಲೇತಿನ ಮೇಲೆ ಮರೆ (ನಟ್ಟು ಕೂರುವ ತಿರುಪಿನ ಸುತ್ತುಗಳು) ಕೊರೆದ ಒಂದು ಸ್ಟಡ್ಡನ್ನು, ಎಂದರೆ ಕಬ್ಬಿಣದ ಸರಳನ್ನು, ಅವನ ತಂದೆಯ ಕೈಗೆ ಕೊಟ್ಟ. ಟ್ರ್ಯಾಕ್ಟರ್ ಓಡಿಸಿ ಜೀವನ ಸಾಗಿಸುತ್ತಿದ್ದ ಆ ಮನುಷ್ಯ ಸಭಾಂಗಣದಲ್ಲಿ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದವರು, ಇಲ್ಲಿ ಯಾರನ್ನೂ ಕೇಳದೆ ಮೇಜಿನ ಮೇಲಿದ್ದ ಒಂದು ನಟ್ಟನ್ನು ತೆಗೆದುಕೊಂಡು, ಸ್ಟಡ್ಡಿನ ತುದಿಗೆ ಹಚ್ಚಿ, ಒಂದೇ ಬೆರಳಿನಿಂದ ತಿರುಗಿಸುತ್ತ ಆ ತುದಿಯವರೆಗೂ ಓಡಿಸಿದರು. ಎಲ್ಲಿಯೂ ಹಿಡಿಯಲಿಲ್ಲ. ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ ನೋಡಿ, ‘ಸಡಿಲ ಇಲ್ಲ’ ಎಂದು ಮಗನ ಮುಖ ನೋಡಿದರು. ಮಗನ ಅಂಕಪಟ್ಟಿಯನ್ನು ಓದಲು ಅವರಿಗೆ ಬರುತ್ತಿತ್ತೋ ಇಲ್ಲವೋ ನಾನು ಅರಿಯೆ, ಮರೆಯನ್ನು ಮಾತ್ರ ಅವರು ನನ್ನಷ್ಟೇ ಚೆನ್ನಾಗಿ ಓದಿದರು. ಆ ವರ್ಷದಿಂದ ನಾನು ವೇದಿಕೆಯ ಭಾಷಣಗಳಿಗೆ ಮುಕ್ಕಾಲು ಗಂಟೆಯನ್ನೂ ಪ್ರಯೋಗಾಲಯಗಳಿಗೆ ಎರಡು ಗಂಟೆಯನ್ನೂ ಮೀಸಲಿಟ್ಟೆ.

ತಂದೆತಾಯಿಗಳು ಬರಬೇಕಾದರೆ ಅವರಿಗೆ ಕನ್ನಡದಲ್ಲಿ ಪತ್ರ ಬರೆಯಿರಿ, ವಾಟ್ಸ್‌ಆ್ಯಪ್ ಸಂದೇಶವೊಂದನ್ನೇ ನೆಚ್ಚಿಕೊಳ್ಳಬೇಡಿ. ದಿನಗೂಲಿಯವರಿಗೆ ಒಂದು ದಿನದ ಸಂಬಳ ಹೋಗುವುದೆಂದರೆ ಸಣ್ಣ ಮಾತಲ್ಲ. ಆದ್ದರಿಂದ ಭಾನುವಾರವೇ ಒಳ್ಳೆಯದು, ಸಂಜೆಯ ಕೊನೆಯ ಬಸ್ಸಿಗೆ ಎರಡು ಗಂಟೆ ಮೊದಲೇ ಎಲ್ಲವೂ ಮುಗಿಯಬೇಕು.

ಅತಿಥಿಗಳ ಭಾಷಣದಲ್ಲಿ ಏನು ಹೇಳಿಸಬೇಕು ಎಂದೂ ಕೇಳಿದ್ದೀರಿ. ಉಪದೇಶಕ್ಕಿಂತ ನಡೆದ ಸಂಗತಿಯನ್ನು ಹೇಳಿಸಿ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದ ಫಲವಾಗಿ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯೇ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು ಅಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಓದಿ 1946ರಲ್ಲಿ ಹೊರಬಂದರು. ಆಮೇಲೆ ಮುಂಬಯಿಗೆ ಹೋಗಿ, ನಿರ್ದೇಶಕ ಗುರುದತ್ತರ ‘ಕಾಗಜ್ ಕೆ ಫೂಲ್’ ಎಂಬ ಹಿಂದಿ ಚಿತ್ರದಲ್ಲಿ, ಕತ್ತಲೆ ತುಂಬಿದ ಸ್ಟುಡಿಯೋದೊಳಕ್ಕೆ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳ ಮೂಲಕ ತಿರುಗಿಸಿ ಒಂದು ಬೆಳಕಿನ ಕೋಲನ್ನೇ ನಿಲ್ಲಿಸಿದರು. 1959ರಲ್ಲಿ ತೆರೆಕಂಡ ಆ ಚಿತ್ರದ ಛಾಯಾಗ್ರಹಣಕ್ಕೆ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಅವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಚಿತ್ರ ನಿರ್ದೇಶಕ ಗೋವಿಂದ ನಿಹಲಾನಿಯವರು ಓದಿದ್ದೂ ಅದೇ ಪಾಲಿಟೆಕ್ನಿಕ್‌ನಲ್ಲಿ. ಎರಡು ಕನ್ನಡಿಗಳಿಂದ ಬಿಸಿಲನ್ನು ಬೇಕಾದಲ್ಲಿಗೆ ತರುವುದು ಕೈಯಿಂದ ಮಾಡಿ ಕಲಿತವನಿಗೆ ಹೊಳೆಯುವ ಉಪಾಯ. ನಿಮ್ಮ ವಿದ್ಯಾರ್ಥಿಗಳು ತಮ್ಮಂತೆಯೇ ಡಿಪ್ಲೊಮಾ ಓದಿದ ಕನ್ನಡಿಗರೊಬ್ಬರ ಈ ಕೆಲಸವನ್ನು ತಿಳಿದು ಹೊರಡಲಿ.

ಈಗ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದಲೇ ಇದು ಎಲ್ಲರ ಕೈಯಲ್ಲೂ ನಡೆಯುತ್ತದೆ. ರಾತ್ರಿ ಹೊತ್ತು ಹೋಟೆಲಿನಲ್ಲಿ ಪಾತ್ರೆ ತೊಳೆದು ಓದಿದ ವಿದ್ಯಾರ್ಥಿಯೊಬ್ಬನನ್ನು ವೇದಿಕೆಗೆ ಕರೆದು, ಅವನ ಕಷ್ಟವನ್ನು ನಾನು ಸಭೆಗೆ ವಿವರವಾಗಿ ಹೇಳಿದೆ. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಅವನು ತಲೆ ಎತ್ತಲಿಲ್ಲ, ಊಟಕ್ಕೂ ನಿಲ್ಲದೆ ಹೊರಟುಹೋದ. ಅವನು ಗುಟ್ಟಾಗಿ ಇಟ್ಟುಕೊಂಡಿದ್ದುದನ್ನು ನಾನು ಸನ್ಮಾನದ ಹೆಸರಿನಲ್ಲಿ ಬಯಲು ಮಾಡಿದ್ದೆ. ಅಂದಿನಿಂದ ಪ್ರತಿ ವಿದ್ಯಾರ್ಥಿಯ ಬಗ್ಗೆ ಓದುವ ವಾಕ್ಯವನ್ನು ಅವರ ಜೊತೆಯಲ್ಲೇ ಕುಳಿತು ಬರೆದು, ಅವರು ಒಪ್ಪಿದ್ದನ್ನು ಮಾತ್ರ ಓದುತ್ತ ಬಂದೆ. ಬಡತನದ ಬಗ್ಗೆ ಮಾತಾಡುವುದಕ್ಕಿಂತ ಕೆಲಸದ ಬಗ್ಗೆ ಮಾತಾಡಿದರೆ ಆ ಮಕ್ಕಳ ಬೆನ್ನು ನೇರವಾಗುತ್ತದೆ.

ಹೌದು, ಪ್ರತಿ ವಿದ್ಯಾರ್ಥಿಗೂ ಒಂದು ವಾಕ್ಯ ಇರಲಿ. ಇನ್ನೂರು ಮಂದಿ ಇದ್ದರೂ ತಲಾ ಹದಿನೈದು ಸೆಕೆಂಡಿನಂತೆ ಐವತ್ತು ನಿಮಿಷದಲ್ಲಿ ಮುಗಿಯುತ್ತದೆ; ವಿಭಾಗವಾರು ಆಯಾ ಪ್ರಯೋಗಾಲಯದಲ್ಲೇ ಓದಿದರೆ ಇನ್ನೂ ಸುಲಭ. ‘ಇವರು ಸರ್ವೆ ಕ್ಯಾಂಪಿನಲ್ಲಿ ನೆಲದ ಎತ್ತರತಗ್ಗಿನ ಅಳತೆಗಳನ್ನು ದಾಖಲಿಸುವ ತಂಡದ ಲೆವೆಲ್ ಪುಸ್ತಕ ಬರೆದರು, ಹೊರಟ ಬಿಂದುವಿಗೆ ಮರಳಿದಾಗ ಲೆಕ್ಕ ಸರಿಹೊಂದಿತು.’ ‘ಇವರು ವಿದ್ಯುತ್ ಸಂಕೇತಗಳನ್ನು ತೆರೆಯ ಮೇಲೆ ತೋರಿಸುವ, ಕೆಟ್ಟು ಮೂಲೆ ಸೇರಿದ್ದ ಸಿಆರ್‌ಒ ಉಪಕರಣಗಳಲ್ಲಿ ಎರಡನ್ನು ದುರಸ್ತಿ ಮಾಡಿ ಕಿರಿಯರಿಗೆ ಬಿಟ್ಟುಹೋಗುತ್ತಿದ್ದಾರೆ.’ ‘ಮೆಕ್ಯಾನಿಕಲ್ ತರಗತಿಯ ಇಬ್ಬರೇ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಇವರು ವೆಲ್ಡಿಂಗ್ ಪರೀಕ್ಷೆಯಲ್ಲಿ ಇಡೀ ತಂಡಕ್ಕೆ ಮೊದಲಿಗರು.’ ಇಂತಹ ವಾಕ್ಯಗಳನ್ನು ಬರೆಯಬೇಕಾದರೆ ಉಪನ್ಯಾಸಕರಿಗಿಂತ ಹೆಚ್ಚಾಗಿ ಇನ್ಸ್‌ಟ್ರಕ್ಟರ್‌ಗಳನ್ನೂ ಲ್ಯಾಬಿನ ಸಹಾಯಕರನ್ನೂ ಕೇಳಬೇಕಾಗುತ್ತದೆ, ಏಕೆಂದರೆ ಯಾರು ಏನು ಮಾಡಿದರೆಂದು ಅವರಿಗೆ ಗೊತ್ತಿರುತ್ತದೆ. ಅವರನ್ನು ವೇದಿಕೆಯ ಮೇಲೆ ಕೂರಿಸಲು ಮರೆಯಬೇಡಿ. ನಿಮ್ಮಲ್ಲಿ ಕಿವಿ ಕೇಳದ ವಿದ್ಯಾರ್ಥಿಗಳಿದ್ದರೆ ಆ ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ತೆರೆಯ ಮೇಲೆ ತೋರಿಸಿ, ಸಭೆಗೆ ಎರಡೂ ಕೈ ಎತ್ತಿ ಬೆರಳಾಡಿಸಿ ಮೆಚ್ಚುಗೆ ಸೂಚಿಸುವುದನ್ನು ಮೊದಲೇ ಹೇಳಿಕೊಡಿ. ವಿಕಲಚೇತನರಿಗಾಗಿಯೇ ಮೈಸೂರಿನಲ್ಲಿ ಜೆಎಸ್‌ಎಸ್ ವಿದ್ಯಾಸಂಸ್ಥೆಯವರು ಒಂದು ಪಾಲಿಟೆಕ್ನಿಕ್ ನಡೆಸುತ್ತಿದ್ದಾರೆ. ಸಾಧ್ಯವಾದರೆ ಅಲ್ಲಿನ ಅಧ್ಯಾಪಕರ ಸಲಹೆ ಪಡೆಯಿರಿ.

ದಿನಾಂಕದ ವಿಷಯದಲ್ಲಿ ಒಂದು ತೊಡಕಿದೆ. ಡಿಪ್ಲೊಮಾಕ್ಕೆ ಸಿ-20 ಎಂಬ ಪಠ್ಯಕ್ರಮ ಬಂದ ಮೇಲೆ ಆರನೆಯ ಸೆಮಿಸ್ಟರ್‌ನ ಬಹುಪಾಲು ಇಂಟರ್ನ್‌ಶಿಪ್‌ಗೋ ಪ್ರಾಜೆಕ್ಟ್‌ಗೋ ಹೋಗುವುದರಿಂದ ಮಕ್ಕಳು ಒಬ್ಬೊಬ್ಬರು ಒಂದೊಂದು ಊರಿನಲ್ಲಿರುತ್ತಾರೆ. ಅವರೆಲ್ಲ ಮೌಖಿಕ ಪರೀಕ್ಷೆಗಾಗಿ ಹೇಗೂ ಕಾಲೇಜಿಗೆ ಬರಬೇಕು; ಅದರ ಹಿಂದುಮುಂದಿನ ಭಾನುವಾರವನ್ನು ಹಿಡಿಯಿರಿ. ಆ ಹೊತ್ತಿಗೆ ಫಲಿತಾಂಶ ಬಂದಿರುವುದಿಲ್ಲ, ಹಾಗಾಗಿ ಅಂಕಗಳ ಸನ್ಮಾನವನ್ನು ಆ ದಿನ ಇಟ್ಟುಕೊಳ್ಳಲಾಗದು. ಅದನ್ನು ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನಾಚರಣೆಗೆ ಸೇರಿಸಿ. ಆಗ ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಹೊರಟಿರುತ್ತಾರೆ, ಕೆಲವರು ಕೆಲಸಕ್ಕೆ ಸೇರಿರುತ್ತಾರೆ, ಕೆಲವರು ಅಪ್ರೆಂಟಿಸ್ (ಕೆಲಸದ ಸ್ಥಳದಲ್ಲೇ ತರಬೇತಿ ಪಡೆಯುವವರು) ಆಗಿರುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿಯಾದ ಮೇಲೆ ಡಿಪ್ಲೊಮಾ ಮುಗಿಸಿದವರಿಗೂ ಸ್ಟೈಪೆಂಡ್ ಸಹಿತವಾಗಿ ಒಂದು ವರ್ಷದ ತರಬೇತಿಯ ದಾರಿ ತೆರೆಯಿತು. ಎರಡನೆಯ ವರ್ಷದವರು ಇದನ್ನು ತಮಗಿಂತ ಸ್ವಲ್ಪವೇ ಹಿರಿಯರಾದವರ ಬಾಯಲ್ಲಿ ಕೇಳಿದರೆ ಬೇಗ ಮನಸ್ಸಿಗೆ ನಾಟುತ್ತದೆ.

ಉಡುಗೊರೆಗೆ ಗಾಜಿನ ಸ್ಮರಣಿಕೆ ಬೇಡ. ಹಳೆಯ ವಿದ್ಯಾರ್ಥಿಗಳಿಂದ ಹಣ ಕೂಡಿದರೆ ಮೆಕ್ಯಾನಿಕಲ್‌ನವರಿಗೆ ಸೂಕ್ಷ್ಮ ಅಳತೆಯ ವರ್ನಿಯರ್ ಕ್ಯಾಲಿಪರ್, ಎಲೆಕ್ಟ್ರಿಕಲ್‌ನವರಿಗೆ ವಿದ್ಯುತ್ ಅಳೆಯುವ ಮಲ್ಟಿಮೀಟರ್ ಕೊಡಿ. ಅಷ್ಟು ಹಣವಿಲ್ಲದಿದ್ದರೆ ಹೆಸರು ಕೆತ್ತಿದ ಒಂದು ಸ್ಟೀಲ್ ಸ್ಕೇಲ್ ಸಾಕು. ನನ್ನ ವಿದ್ಯಾರ್ಥಿಯೊಬ್ಬಳು ಅಂತಹ ಸ್ಕೇಲನ್ನು ಒಂಬತ್ತು ವರ್ಷದ ಮೇಲೂ ಕಾರ್ಖಾನೆಯಲ್ಲಿ ಬಳಸುತ್ತಿರುವುದಾಗಿ ಫೋಟೊ ಕಳುಹಿಸಿದ್ದಳು. ಮೊದಲ ಐದು ಸೆಂಟಿಮೀಟರಿನ ಗೆರೆಗಳು ಸವೆದಿದ್ದವು, ಹೆಸರು ಉಳಿದಿತ್ತು.

ಹೆಸರಿನ ಮಾತು ಬಂದುದರಿಂದ ಇದನ್ನೂ ಸೇರಿಸುತ್ತೇನೆ. ಕೆತ್ತಿಸುವ ಮೊದಲು, ಪ್ರಶಸ್ತಿಪತ್ರ ಅಚ್ಚಾಗುವ ಮೊದಲು, ಪ್ರತಿ ಹೆಸರನ್ನೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜೊತೆ ಹೋಲಿಸಿ ನೋಡಿ. ನಿರೂಪಣೆ ಮಾಡುವವರು ಹಿಂದಿನ ದಿನವೇ ಪಟ್ಟಿ ಹಿಡಿದು, ಒಬ್ಬೊಬ್ಬರ ಬಾಯಿಂದಲೂ ಅವರವರ ಹೆಸರನ್ನು ಹೇಳಿಸಿಕೊಂಡು, ಅವರು ಹೇಳಿದ ಹಾಗೆಯೇ ಓದಲು ಅಭ್ಯಾಸ ಮಾಡಿಕೊಳ್ಳಲಿ.