ಕೋಡ್ ಬರ್ದಿದ್ದು ನಾನು, ದುಡ್ಡು ಹಾಕಿದ್ದು ಅವ್ರು, ಸಾಫ್ಟ್‌ವೇರ್ ಯಾರ್ದು?

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ಮೇಡಂ ನಮಸ್ತೆ. 2019ರಲ್ಲಿ ಅಡಿಕೆ ಮಂಡಿಗಳಿಗೆ ಅಂತ ಒಂದು ಸಾಫ್ಟ್‌ವೇರ್ ಮಾಡ್ದೆ. ಆವಕ, ತೂಕ, ರಾಶಿ ಬೆಟ್ಟೆ ಸರಕು ಅಂತ ಬೇರೆ ಬೇರೆ ರೇಟು, ರೈತರ ಮುಂಗಡ, ಕೊನೆಗೆ ಪಟ್ಟಿ ಪ್ರಿಂಟ್ ಆಗೋವರ್ಗೂ ಎಲ್ಲಾ ಅದರಲ್ಲೇ ಆಗತ್ತೆ. ಕೋಡ್ ಪೂರ್ತಿ ಒಬ್ನೇ ಕೂತು ಬರ್ದಿದ್ದು. ನಮ್ಮ ದೂರದ ಸಂಬಂಧಿಕರೊಬ್ರಿಗೆ ಮಂಡಿ ಸಾಹುಕಾರ್ರ ಪರಿಚಯ ಚೆನ್ನಾಗಿತ್ತು, ಅವ್ರು ಗಿರಾಕಿ ತಂದ್ರು, ಸರ್ವರ್ ಖರ್ಚು ನೋಡ್ಕೊಂಡ್ರು, ನನಗೆ ತಿಂಗಳಿಗೆ 15 ಸಾವಿರ ಹಾಕ್ತಿದ್ರು, ವರ್ಷದ ಕೊನೆಗೆ ಉಳಿದಿದ್ರಲ್ಲಿ ಅರ್ಧರ್ಧ. ಯಾವ್ದಕ್ಕೂ ಕಾಗದ ಇಲ್ಲ, ಮನೆಯವ್ರೇ ಅಲ್ವಾ ಅಂತ ಸುಮ್ನಿದ್ವಿ. ಈಗ ಅವ್ರು ಬೇರೆ ಕಂಪನಿ ಮಾಡ್ಕೊಂಡು ಅದೇ ಸಾಫ್ಟ್‌ವೇರ್‌ಗೆ ಹೆಸರು ಬದಲಾಯಿಸಿ ಮಾರ್ತಾ ಇದಾರೆ. ಕೇಳಿದ್ರೆ "ಐಡಿಯಾ ನಂದು, ದುಡ್ಡು ನಂದು, ನೀನು ಸಂಬಳಕ್ಕೆ ಕೆಲಸ ಮಾಡ್ದೋನು" ಅಂತಾರೆ. ಸರ್ವರ್ ಪಾಸ್‌ವರ್ಡ್ ಇನ್ನೂ ನನ್ನ ಹತ್ರ ಇದೆ, ಒಂದು ದಿನ ಬಂದ್ ಮಾಡಿದ್ರೆ ದಾರಿಗೆ ಬರ್ತಾರೆ ಅನ್ಸತ್ತೆ. ಏನ್ ಮಾಡ್ಲಿ?
ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೊದಲು ಆ ಪಾಸ್‌ವರ್ಡ್ ವಿಷ್ಯ. ದಯವಿಟ್ಟು ಬಂದ್ ಮಾಡ್ಬೇಡಿ. ಅಲ್ಲಿ ಇರೋದು ನಿಮ್ಮ ಕೋಡ್ ಒಂದೇ ಅಲ್ಲ, ಮಂಡಿಯೋರ ಲೆಕ್ಕ, ರೈತರ ಬಾಕಿ ಎಲ್ಲಾ ಅಲ್ಲೇ ಇದೆ, ಅವ್ರು ನಿಮಗೇನೂ ಮಾಡಿಲ್ಲ. ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಪ್ರಕಾರ ಬೇಕು ಅಂತ್ಲೇ ಹೀಗೆ ಅಡ್ಡಿ ಮಾಡಿದ್ರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಆಗಬಹುದು. ಈವತ್ತು ಅನ್ಯಾಯ ಆಗಿರೋದು ನಿಮಗೆ, ನಾಳೆ ಠಾಣೆ ಮೆಟ್ಟಿಲು ಹತ್ತಬೇಕಾಗೋದೂ ನೀವೇ ಆಗಬಾರ್ದು.

ಈಗ ಯಾರ್ದು ಅನ್ನೋ ಪ್ರಶ್ನೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಸಾಫ್ಟ್‌ವೇರನ್ನ ಸಾಹಿತ್ಯ ಕೃತಿ ಅಂತ್ಲೇ ಲೆಕ್ಕ ಹಾಕತ್ತೆ, ಕಥೆ ಬರೆದೋರಿಗೆ ಕಥೆ ಹೇಗೋ ಕೋಡ್ ಬರೆದೋರಿಗೆ ಕೋಡ್ ಹಾಗೆ, ಬರೆದ ಕ್ಷಣದಿಂದಲೇ ಹಕ್ಕು ಹುಟ್ಟತ್ತೆ, ರಿಜಿಸ್ಟರ್ ಮಾಡ್ಸಿಲ್ಲ ಅಂದ್ರೂ. ಬರೀ ಐಡಿಯಾಗೆ ಕಾಪಿರೈಟ್ ಇಲ್ಲ. ಮಂಡಿ ಲೆಕ್ಕ ಕಂಪ್ಯೂಟರ್‌ಗೆ ತರೋಣ ಅಂತ ಅವ್ರು ಹೇಳಿದ್ದು ನಿಜಾನೇ ಇರ್ಲಿ, ಅದರಿಂದ ಕೋಡ್ ಅವ್ರದ್ದಾಗಲ್ಲ. ದುಡ್ಡು ಕೊಟ್ಟಿದ್ದಕ್ಕೂ ಆಗಲ್ಲ. ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬರೆಸಿದ ಭಾವಚಿತ್ರ, ಮಾಡಿಸಿದ ಸಿನಿಮಾ ಮಾಡಿಸಿದೋರ್ದು ಅಂತಿದೆ, ಆ ಪಟ್ಟಿಯಲ್ಲಿ ಸಾಫ್ಟ್‌ವೇರ್ ಇಲ್ಲ. ಇದು ಎಷ್ಟೋ ಕಂಪನಿಯವ್ರಿಗೇ ಗೊತ್ತಿಲ್ಲ, ಬಿಲ್ ಕಟ್ಟಿದೀವಿ ಅಂದ್ಮೇಲೆ ನಮ್ದೇ ಅಂತ ಕೂತಿರ್ತಾರೆ. ಬರೆದೋರ ಕೈಯಿಂದ ಹಕ್ಕು ಇನ್ನೊಬ್ರಿಗೆ ಹೋಗ್ಬೇಕು ಅಂದ್ರೆ ಬರೆದೋರೇ ಸಹಿ ಹಾಕಿದ ಪತ್ರ ಬೇಕು, ಬಾಯಿ ಮಾತು ಸಾಕಾಗಲ್ಲ.

ಆದ್ರೆ ನಿಮ್ಮ ಕೇಸಲ್ಲಿ ಎರಡು ಕಡೆ ಗಟ್ಟಿಯಾಗಿ ಯೋಚಿಸ್ಬೇಕು, ಬರೀ ಸಮಾಧಾನದ ಮಾತು ಹೇಳಿ ಕಳ್ಸೋಕೆ ನನಗೆ ಮನಸ್ಸಿಲ್ಲ. ಒಂದು, ಆ 15 ಸಾವಿರ. ನೌಕರಿಯ ಭಾಗವಾಗಿ ಬರೆದಿದ್ದು ಮಾಲೀಕರಿಗೆ ಸೇರತ್ತೆ, ಅದಕ್ಕೇ ಅವ್ರು ಸಂಬಳ ಅಂತಿರೋದು. ಪಿಎಫ್ ಕಟ್ಟಿದ್ರಾ, ಯಾವತ್ತಾದ್ರೂ ಪೇ ಸ್ಲಿಪ್ ಕೊಟ್ರಾ, ರಜೆ ಕೇಳ್ಕೊಂಡು ಹೋಗ್ತಿದ್ರಾ, ಕಂಪ್ಯೂಟರ್ ಯಾರ್ದು, ಏನು ಹೇಗೆ ಬರೀಬೇಕು ಅಂತ ಹೇಳ್ತಿದ್ದೋರು ಯಾರು, ಕೋರ್ಟ್ ಇದನ್ನೆಲ್ಲಾ ಒಟ್ಟಿಗೆ ನೋಡತ್ತೆ. ಲಾಭದಲ್ಲಿ ಅರ್ಧ ತಗೊಳ್ಳೋ ನೌಕರ ಅಪರೂಪ, ಹಾಗಾಗಿ ಆ ವರ್ಷದ ಕೊನೆಯ ಲೆಕ್ಕ ನಿಮ್ಮ ಪರವಾಗಿದೆ. ಎರಡನೇದು ಅದೇ ಲೆಕ್ಕದಿಂದ ಬರೋ ತೊಡಕು. ಲಾಭ ಹಂಚ್ಕೊಂಡು ವ್ಯಾಪಾರ ಮಾಡಿದ್ರೆ ಕಾಗದ ಇಲ್ಲದೆನೂ ಪಾಲುದಾರಿಕೆ ಆಗಿರಬಹುದು, 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ವ್ಯಾಪಾರಕ್ಕೆ ತಂದು ಹಾಕಿದ ಆಸ್ತಿ ಸಂಸ್ಥೆಯದ್ದು, ಅಂದ್ರೆ ಇಬ್ರದ್ದೂ. ಹಾಗಂತ ತೀರ್ಮಾನ ಆದ್ರೆ ಸಾಫ್ಟ್‌ವೇರ್ ನಿಮ್ಮೊಬ್ರದ್ದೇ ಆಗಿ ಉಳಿಯಲ್ಲ, ಆದ್ರೆ ಅವ್ರು ತಮ್ಮ ಹೊಸ ಕಂಪನಿಗೆ ಎತ್ಕೊಂಡು ಹೋಗಿ ಮಾರೋ ಹಾಗೂ ಇಲ್ಲ, ಆ ಲಾಭದ ಲೆಕ್ಕ ನೀವು ಕೇಳಬಹುದು.

ಹಾಗಾಗಿ ಈಗ್ಲೇ ಸಾಕ್ಷಿ ಕೂಡಿಸಿ. ಗಿಟ್ ಇತಿಹಾಸ, ಅಂದ್ರೆ ಕೋಡಲ್ಲಿ ಯಾವಾಗ ಏನು ಬದಲಾಯ್ತು ಅನ್ನೋ ದಾಖಲೆ, ಇದ್ದ ಹಾಗೇ ಒಂದು ಕಾಪಿ ತೆಗೆದಿಡಿ, ತಾರೀಕು ತಿದ್ದೋಕೆ ಹೋಗ್ಬೇಡಿ. 2019ರ ಹಳೇ ಲ್ಯಾಪ್‌ಟಾಪ್ ಇದ್ರೆ ಮಾರ್ಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್, ಅವ್ರು "ಈ ಬಗ್ ಸರಿ ಮಾಡು" ಅಂತ ಹಾಕಿದ ವಾಟ್ಸಾಪ್ ಮೆಸೇಜ್, ಮಂಡಿಯೋರಿಗೆ ನೀವೇ ಟ್ರೇನಿಂಗ್ ಕೊಟ್ಟ ದಿನಗಳು, ಎಲ್ಲಾ ಬೇಕು. ಕಾಪಿರೈಟ್ ರಿಜಿಸ್ಟ್ರೇಷನ್‌ಗೂ ಹಾಕಿ, ಫೀಸ್ 500 ರೂಪಾಯಿ, ಕೋಡ್‌ನ ಮೊದಲ 10 ಪುಟ ಕೊನೆಯ 10 ಪುಟ ಕೊಡ್ಬೇಕು. ಹಕ್ಕು ಹೇಳ್ತಿರೋ ನಿಮ್ಮ ಸಂಬಂಧಿಕರಿಗೂ ನೀವೇ ನೋಟಿಸ್ ಕಳಿಸ್ಬೇಕು, ಅದನ್ನ ಮುಚ್ಚಿಟ್ರೆ ಮುಂದೆ ನಿಮಗೇ ತೊಂದ್ರೆ. ದಾವೆ ಹಾಕೋಕೆ ಅವ್ರಿರೋ ಊರಿಗೆ ಅಲೀಬೇಕಾಗಿಲ್ಲ, ಕಾಪಿರೈಟ್ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ನೀವಿರೋ ಜಿಲ್ಲೆಯಲ್ಲೇ ಹಾಕಬಹುದು. ವ್ಯಾಪಾರದ ತಕರಾರು ನೋಡೋ ಕಮರ್ಷಿಯಲ್ ಕೋರ್ಟಿಗೆ ಹೋಗೋ ಕೇಸಾದ್ರೆ, ತುರ್ತಾಗಿ ತಡೆಯಾಜ್ಞೆ ಬೇಕಿಲ್ಲ ಅಂದ್ರೆ, ಮೊದಲು ಮಧ್ಯಸ್ಥಿಕೆಗೆ ಕೂರ್ಲೇಬೇಕು ಅಂತ 2015ರ ಕಮರ್ಷಿಯಲ್ ಕೋರ್ಟ್ ಕಾಯ್ದೆಯಲ್ಲಿದೆ.

ಆ ಮಧ್ಯಸ್ಥಿಕೆಯನ್ನ ಶಾಸ್ತ್ರಕ್ಕೆ ಅಂತ ಮುಗಿಸ್ಬೇಡಿ ಅಂತ ಕೇಳ್ಕೋತೀನಿ. ಅಮೆರಿಕದಲ್ಲಿ ವಿಸಿಕ್ಯಾಲ್ಕ್ ಅಂತ ಒಂದು ಸಾಫ್ಟ್‌ವೇರ್ ಇತ್ತು, ಈಗ ನಾವೆಲ್ಲ ಬಳಸೋ ಎಕ್ಸೆಲ್‌ಗೆ ಅಜ್ಜ ಅನ್ನಿ. ಡ್ಯಾನ್ ಬ್ರಿಕ್ಲಿನ್ ಮತ್ತೆ ಬಾಬ್ ಫ್ರಾಂಕ್‌ಸ್ಟನ್ ಅನ್ನೋ ಇಬ್ರು ಸ್ನೇಹಿತರು ಮಾಡಿದ್ದು, 1979ರಲ್ಲಿ ಮಾರುಕಟ್ಟೆಗೆ ಬಂತು. ಮಾರೋ ಕೆಲಸ ಡ್ಯಾನ್ ಫಿಲ್‌ಸ್ಟ್ರಾ ಅವರ ಕಂಪನಿದು, ಕೋಡ್ ಬರೆಯೋಕೆ ಆಪಲ್ 2 ಕಂಪ್ಯೂಟರ್ ಕೊಟ್ಟಿದ್ದೂ ಅವ್ರೇ. ನಿಮ್ಮ ಹಾಗಲ್ಲ, ಅಲ್ಲಿ ಒಪ್ಪಂದ ಇತ್ತು, ರಾಯಲ್ಟಿ ಬರೆದಿತ್ತು. ಸಾಫ್ಟ್‌ವೇರ್ ಬಿಸಿ ದೋಸೆ ಥರ ಹೋಯ್ತು. ಆಮೇಲೆ ಹೊಸ ವರ್ಷನ್ ಟೈಮಿಗೆ ಕೊಡ್ಲಿಲ್ಲ ಅಂತ ಮಾರೋ ಕಂಪನಿ 1983ರಲ್ಲಿ ಮಾಡಿದೋರ ಮೇಲೆ ಕೇಸ್ ಹಾಕ್ತು, ಇವ್ರು ತಿರುಗಿ ಹಾಕಿದ್ರು. ಅದೇ ವರ್ಷ ಮಿಚ್ ಕಪೋರ್ ಅವರ ಲೋಟಸ್ 1-2-3 ಬಂತು, ಅವ್ರೂ ಹಿಂದೆ ಅದೇ ಮಾರೋ ಕಂಪನಿಲಿ ಕೆಲಸ ಮಾಡಿದ್ದೋರು. ಇವ್ರು ವಕೀಲರ ಜೊತೆ ಕೂತಿರೋವಾಗ ಗಿರಾಕಿಗಳೆಲ್ಲ ಅತ್ತ ಹೋದ್ರು. 1984ರಲ್ಲಿ ರಾಜಿ ಆಯ್ತು, ವಿಸಿಕ್ಯಾಲ್ಕ್ ಹಕ್ಕು ಮಾಡಿದೋರಿಗೇ ವಾಪಸ್ ಬಂತು, ಅಷ್ಟೊತ್ತಿಗೆ ಮಾರೋಕೆ ಮಾರುಕಟ್ಟೆನೇ ಉಳಿದಿರ್ಲಿಲ್ಲ, 1985ರಲ್ಲಿ ಲೋಟಸ್‌ನೋರೇ ಅದನ್ನ ಕೊಂಡು ನಿಲ್ಲಿಸಿಬಿಟ್ರು. ನಿಮ್ಮ ಮಂಡಿಯೋರೂ ಸುಗ್ಗಿ ಟೈಮಲ್ಲಿ ನಿಮ್ಮಿಬ್ರ ಜಗಳ ಮುಗೀಲಿ ಅಂತ ಕಾಯಲ್ಲ.

ಪ್ರಶ್ನೆ: ಒಂದು ಸ್ಟಾರ್ಟಪ್‌ಗೆ ಫ್ರೀಲ್ಯಾನ್ಸ್ ಆಗಿ ಆಪ್ ಮಾಡ್ಕೊಟ್ಟೆ. "ಎಲ್ಲಾ ಹಕ್ಕು ಕಂಪನಿಗೆ" ಅನ್ನೋ ಒಂದು ಸಾಲಿನ ಪತ್ರಕ್ಕೆ ಸಹಿ ಹಾಕಿದೀನಿ. ಇನ್ನು ಶಾಶ್ವತವಾಗಿ ನಂದೇನೂ ಇಲ್ವಾ?
ಬೆಂಗಳೂರಿನ ಓದುಗಿ

ಉತ್ತರ: ಆ ಪತ್ರದಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆದಿದೆಯಾ ನೋಡಿ. ಬರೆದಿಲ್ಲ ಅಂದ್ರೆ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ 5 ವರ್ಷ ಅಂತ ಅರ್ಥ, ಯಾವ ದೇಶಕ್ಕೆ ಅಂತ ಬರೆದಿಲ್ಲ ಅಂದ್ರೆ ಭಾರತಕ್ಕೆ ಮಾತ್ರ. ಇನ್ನೂ ಒಂದಿದೆ, ಬೇರೆ ಥರ ಬರ್ಕೊಂಡಿಲ್ಲ ಅಂದ್ರೆ, ಪಡ್ಕೊಂಡ ಹಕ್ಕನ್ನ ಅವ್ರು ಒಂದು ವರ್ಷದೊಳಗೆ ಬಳಸ್ದೇ ಇದ್ರೆ ಅದು ಬಿದ್ದು ಹೋಗತ್ತೆ. ಸ್ಟಾರ್ಟಪ್‌ನೋರು ಇದನ್ನ ಓದ್ತಿದ್ರೆ ಅವ್ರಿಗೂ ಇದೇ ಮಾತು, ಅವಧಿ ಮತ್ತೆ ದೇಶ ಬರೆಸ್ಕೊಳ್ಳಿ.

ಪ್ರಶ್ನೆ: ನಾನು ಟೆಕ್ಸಸ್‌ನಲ್ಲಿದೀನಿ. ಹುಬ್ಬಳ್ಳಿಯ ಗೆಳೆಯ ಮತ್ತೆ ನಾನು ಸೇರಿ ಶಾಲೆ ಫೀಸ್ ಕಟ್ಟೋ ಆಪ್ ಬರೆದ್ವಿ. ಈಗ ಅವನು ನನ್ನ ಕೇಳ್ದೆ ಅಲ್ಲಿನ ಶಾಲೆಗಳಿಗೆ ಲೈಸೆನ್ಸ್ ಕೊಡ್ತೀನಿ ಅಂತಿದಾನೆ. ಅಮೆರಿಕದಲ್ಲಿ ಹಾಗೆ ಕೊಡಬಹುದು ಅಂತ ಇಲ್ಲಿ ಯಾರೋ ಹೇಳಿದ್ರು, ನಿಜಾನಾ?
ಅನಿವಾಸಿ ಓದುಗ

ಉತ್ತರ: ಅಮೆರಿಕದ ಮಟ್ಟಿಗೆ ನಿಜ, ಇಬ್ರು ಸೇರಿ ಬರೆದಿದ್ರೆ ಒಬ್ರೇ ಸಾಧಾರಣ ಲೈಸೆನ್ಸ್, ಅಂದ್ರೆ ಒಬ್ಬ ಗಿರಾಕಿಗೇ ಮೀಸಲಲ್ಲದ ಲೈಸೆನ್ಸ್, ಕೊಡಬಹುದು, ಬಂದ ಲಾಭದಲ್ಲಿ ಇನ್ನೊಬ್ರಿಗೆ ಪಾಲು ಕೊಡ್ಬೇಕು ಅಷ್ಟೇ. ಇಲ್ಲಿನ ಕೋರ್ಟುಗಳ ನಿಲುವು ಬೇರೆ, ಇನ್ನೊಬ್ರ ಒಪ್ಪಿಗೆ ಬೇಕು, ಮತ್ತೆ ಹುಬ್ಬಳ್ಳಿ ಶಾಲೆಗೆ ಕೊಡೋವಾಗ ನಡೆಯೋದು ಇಲ್ಲಿನ ಕಾನೂನು. ಇದು ಕೋಡ್ ಬಿಡಿಸೋಕಾಗದ ಹಾಗೆ ಬೆರೆತಿದ್ರೆ ಮಾತ್ರ. ಅವನು ಸರ್ವರ್ ಭಾಗ, ನೀವು ಮೊಬೈಲ್ ಭಾಗ ಅಂತ ಬೇರೆ ಬೇರೆ ಬರೆದಿದ್ರೆ ಅವನ ಭಾಗ ಅವನದು, ನಿಮ್ಮ ಭಾಗ ನಿಮ್ಮದು. ಯಾವ ಫೈಲ್ ಯಾರು ಬರೆದಿದ್ದು ಅಂತ ಒಂದು ಪಟ್ಟಿ ಮಾಡಿ ಅವನಿಗೆ ಮೇಲ್ ಹಾಕಿ, ಆಮೇಲೆ ಫೋನ್ ಮಾಡಿ ಮಾತಾಡಿ.